ಬೀಗನ ಕರಾರು

ನನ್ನ ತಮ್ಮನನ್ನು ಊರಿಗೆ ಊರೇ ಬೀಗ ಎಂದು ಕರೆಯುತ್ತಿತ್ತು. ಅವನು ನಮ್ಮ ಫುಟ್‌ಬಾಲ್ ಕ್ಲಬ್ಬಿನ ಡಿಫೆಂಡರ್. ಗೋಲಿನ ಮುಂದೆ ಅವನು ನಿಂತನೆಂದರೆ ಬಾಗಿಲಿಗೆ ಬೀಗ ಬಿದ್ದ ಹಾಗೆ, ಕೀಲಿಕೈ ಯಾರ ಹತ್ತಿರವೂ ಇಲ್ಲ ಎಂದು ಅಭಿಮಾನಿಗಳು ಹೇಳುತ್ತಿದ್ದರು. ಈ ಹೆಸರಿನಿಂದ ನನಗೆ ಬಂದ ತಮಾಷೆಗಳಿಗೆ ಲೆಕ್ಕವಿಲ್ಲ. ಹಾಲಿನ ಅಂಗಡಿಯವನು ನನ್ನನ್ನು ಕಂಡಾಗಲೆಲ್ಲ, “ಏನಮ್ಮಾ, ಬೀಗರು ಹೇಗಿದಾರೆ?” ಎಂದು ಕೇಳುವನು. “ಅವನಿಗಿರೋದು ಒಂದೇ ಮಗಳಪ್ಪ, ಅದಕ್ಕೂ ಆರು ವರ್ಷ. ನಿನಗೆ ಬೀಗನಾಗೋಕೆ ಇನ್ನೂ ತುಂಬಾ ದಿನ ಇದೆ,” ಎಂದು ನಾನು ಹೇಳುತ್ತಿದ್ದೆ.

ನಾನು ಅವನಿಗಿಂತ ಹನ್ನೊಂದು ವರ್ಷಕ್ಕೆ ದೊಡ್ಡವಳು. ಅಮ್ಮ ತೀರಿಕೊಂಡಾಗ ಅವನಿಗೆ ಏಳು. ಆಗಷ್ಟೇ ನಾನು ಕ್ಲಬ್ಬಿನ ಬಟ್ಟೆ ಕೋಣೆಯಲ್ಲಿ ಕೆಲಸಕ್ಕೆ ಸೇರಿದ್ದೆ. ಪ್ರೇಕ್ಷಕರು ಕೂರುವ ಮೆಟ್ಟಿಲುಗಳ ಕೆಳಗಿನ ಉದ್ದನೆಯ ಕೋಣೆ ಅದು. ಎರಡು ಒಗೆಯುವ ಮೆಷಿನ್ನು, ಒಂದು ಒಣಗಿಸುವ ಮೆಷಿನ್ನು, ಗೋಡೆಗೆ ಒಂದರಿಂದ ಇಪ್ಪತ್ತನಾಲ್ಕರವರೆಗೆ ನಂಬರ್ ಬರೆದ ಕೊಕ್ಕೆಗಳು. ಮೇಲೆ ಜನ ಕುಣಿದರೆ ನನ್ನ ತಲೆಯ ಮೇಲೆ ಸುಣ್ಣ ಉದುರುತ್ತಿತ್ತು. ಸ್ಕೂಲು ಬಿಟ್ಟ ಮೇಲೆ ತಮ್ಮ ಅಲ್ಲಿಗೇ ಬಂದು ಕೊಳೆ ಬಟ್ಟೆಯ ರಾಶಿಯ ಮೇಲೆ ಕೂತು ಹೋಂವರ್ಕ್ ಬರೆಯುತ್ತಿದ್ದ. ಬರೆದು ಮುಗಿದರೆ ಹಳೇ ಚೆಂಡನ್ನು ಗೋಡೆಗೆ ಎಸೆದು ಹಣೆಯಿಂದ ವಾಪಸ್ಸು ಗುದ್ದುತ್ತಿದ್ದ. ಐವತ್ತು, ಅರವತ್ತು, ನೂರು. ನಾನೇ ಎಣಿಸುತ್ತಿದ್ದೆ, ನಾನೇ ಚಪ್ಪಾಳೆ ತಟ್ಟುತ್ತಿದ್ದೆ. ಆಗಿನ ಕೋಚು ಒಂದು ದಿನ ಬಾಗಿಲಲ್ಲಿ ನಿಂತು ನೋಡಿ, “ಈ ಹುಡುಗನಿಗೆ ತಲೆ ಇದೆ,” ಎಂದರು. ನಮ್ಮ ಮನೆತನದಲ್ಲಿ ಯಾರ ಬಗ್ಗೆಯೂ ಯಾರೂ ಆ ಮಾತು ಹೇಳಿರಲಿಲ್ಲ.

ಅವನಿಗೆ ಮೂವತ್ತಮೂರು ತುಂಬಿದ ವರ್ಷ ಕರಾರು ಮುಗಿಯಿತು. ಅದರ ಹಿಂದಿನ ವರ್ಷವಷ್ಟೇ ಅವನ ದೆಸೆಯಿಂದ ಕ್ಲಬ್ಬು ಮೇಲಿನ ದರ್ಜೆಗೆ ಏರಿತ್ತು. ದೊಡ್ಡ ನಗರದ ಕ್ಲಬ್ಬೊಂದು ಅವನ ಮೇಲೆ ಕಣ್ಣಿಟ್ಟಿತ್ತು. ಅವನಿಗೆ ಊರು ಬಿಡುವ ಮನಸ್ಸಿರಲಿಲ್ಲ. ಆದರೆ ಇರಬೇಕಾದರೆ ಮೂರು ವರ್ಷದ ಕರಾರು ಬೇಕು, ಸಂಬಳ ಎರಡರಷ್ಟಾಗಬೇಕು ಎಂದು ಕೇಳಿದ. ಅದು ಕ್ಲಬ್ಬಿನ ವರ್ಷದ ಗಳಿಕೆಯ ಹತ್ತಿರ ಹತ್ತಿರ ಅರ್ಧ.

ಊರಿಗೆ ಬೇರೆ ಮಾತೇ ಇಲ್ಲದಾಯಿತು. ಬಸ್ಸಿನಲ್ಲಿ, ಕ್ಷೌರದಂಗಡಿಯಲ್ಲಿ, ಆಸ್ಪತ್ರೆಯ ಚೀಟಿ ಸಾಲಿನಲ್ಲಿ, ಎಲ್ಲಿ ನೋಡಿದರೂ ಅದೇ. ಕೊಡಬೇಕು ಎನ್ನುವವರೇ ಹೆಚ್ಚು. ಕಾರ್ಖಾನೆಯವರು ಅರ್ಧ ದಿನದ ಕೂಲಿ ಕೊಡುತ್ತೇವೆ ಎಂದರು. ಬ್ರೆಡ್ಡಿನಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕ ‘ಬೀಗ ನಮ್ಮ ಬಾಗಿಲಿಗೇ ಇರಲಿ’ ಎಂದು ಬರೆದ ಡಬ್ಬಿ ಬಂದು ಕೂತಿತು.

ಬೇಡ ಎಂದು ಗಟ್ಟಿಯಾಗಿ ಹೇಳಿದವರು ಒಬ್ಬರೇ, ನಮ್ಮ ಖಜಾಂಚಿ. ಮೂವತ್ತು ವರ್ಷ ಗಣಿತ ಹೇಳಿಕೊಟ್ಟು ನಿವೃತ್ತರಾದ ಹೆಂಗಸು. ಎಲ್ಲರಿಗೂ ಇವತ್ತಿಗೂ ಟೀಚರ್. ಊರಿನ ಅರ್ಧ ಜನ ಅವರ ಕೈಯಲ್ಲಿ ಫೇಲಾದವರು, ಇನ್ನರ್ಧ ಫೇಲಾಗುವ ಹೆದರಿಕೆಯಲ್ಲಿ ಬೆಳೆದವರು. ಒಂದು ಸಂಜೆ ಅವರೂ ಅಧ್ಯಕ್ಷರೂ ನನ್ನ ಕೋಣೆಯ ಬಾಗಿಲಲ್ಲೇ ನಿಂತು ಜಗಳವಾಡಿದರು. ಅಧ್ಯಕ್ಷರದು ಟೈರಿನ ವ್ಯಾಪಾರ, ದೊಡ್ಡ ಧ್ವನಿ, ಮೆತ್ತಗಿನ ಮನಸ್ಸು.

“ಕರಾರು ಮುಗಿಯೋ ಹೊತ್ತಿಗೆ ಅವನಿಗೆ ಮೂವತ್ತಾರು,” ಎಂದರು ಟೀಚರ್. “ನಾವು ದುಡ್ಡು ಕೊಡ್ತಿರೋದು ಮುಂದಿನ ಆಟಕ್ಕಾ, ಹಿಂದಿನ ಆಟಕ್ಕಾ?”

“ಟೀಚರ್, ಪ್ರೀತಿಗೂ ಲೆಕ್ಕ ಇರುತ್ತಾ?”

“ಇರುತ್ತೆ. ಛಾವಣಿಗೂ ಇರುತ್ತೆ. ಮಳೆ ಬಂದ್ರೆ ಮೇಲೆ ಕೂತೋರು ಕೊಡೆ ಬಿಚ್ತಾರೆ, ನೋಡಿದೀರಲ್ಲ? ಅದೇ ದುಡ್ಡಲ್ಲಿ ನಾಲ್ಕು ಜನ ಹೊಸಬರನ್ನ ಸಾಕಬಹುದು.”

ನಾನು ಕಾಲುಚೀಲಗಳನ್ನು ಜೋಡಿ ಮಾಡುತ್ತ ಸುಮ್ಮನೆ ಕೇಳಿಸಿಕೊಂಡೆ. ಇಬ್ಬರಿಗೂ ಗೊತ್ತಿಲ್ಲದ್ದು ನನಗೊಬ್ಬಳಿಗೆ ಗೊತ್ತಿತ್ತು.

ಒಗೆಯುವ ಮೊದಲು ನಾನು ಪ್ರತಿ ಅಂಗಿಯ ತೋಳನ್ನೂ ತಿರುವಿ ನೋಡುವವಳು. ಹೇರ್‌ಪಿನ್ನು, ಪ್ಲಾಸ್ಟರು, ಚೂಯಿಂಗ್ ಗಮ್ಮು, ಏನೇನೋ ಸಿಗುತ್ತದೆ. ಎಂಟು ತಿಂಗಳಿಂದ ತಮ್ಮನ ಐದನೇ ನಂಬರಿನ ಅಂಗಿಯ ಎಡ ತೋಳಿನೊಳಗೆ ಬಿಳಿ ಟೇಪಿನ ತುಂಡುಗಳು ಅಂಟಿಕೊಂಡು ಬರುತ್ತಿದ್ದವು. ಆಟಗಾರರು ಮಣಿಕಟ್ಟಿಗೆ ಟೇಪು ಸುತ್ತಿಕೊಳ್ಳುವುದು ಹೊಸದಲ್ಲ. ಆದರೆ ಇವುಗಳ ಮೇಲೆ ಅವನ ಕೈಬರಹ ಇತ್ತು. ಮೊದಲನೆಯದರಲ್ಲಿ ‘ಒಂಬತ್ತನೇ ನಂಬರು ನನ್ನದು’ ಎಂದಿತ್ತು. ಅವನು ಕಾಯಬೇಕಾದ ಎದುರಾಳಿ ಇರಬೇಕು ಎಂದುಕೊಂಡೆ. ಆಮೇಲೆ ‘ಮೊದಲರ್ಧ ಗಡಿಯಾರದ ಕಡೆ, ಎರಡನೇದು ಮರಗಳ ಕಡೆ’ ಎಂದು ಬಂತು. ಅರ್ಧ ಆಟಕ್ಕೆ ಎರಡೂ ತಂಡ ಗೋಲು ಅದಲುಬದಲು ಮಾಡುವುದು ಮಕ್ಕಳಿಗೂ ಗೊತ್ತು. ಇಪ್ಪತ್ತು ವರ್ಷ ಆಡಿದವನು ಇದನ್ನು ಯಾಕೆ ಬರೆದುಕೊಳ್ಳಬೇಕು? ಆಮೇಲೊಂದು ದಿನ: ‘ಮಗಳ ಸ್ಕೂಲು ಹಳದಿ ಗೇಟು.’

ಅದನ್ನು ಹಿಡಿದುಕೊಂಡು ನಾನು ಎಷ್ಟು ಹೊತ್ತು ನಿಂತಿದ್ದೆನೋ. ಮೆಷಿನ್ನು ತಿರುಗಿ ತಿರುಗಿ ತಾನಾಗಿ ನಿಂತಿತ್ತು.

ಅವನಿಗೆ ಎರಡು ಸಲ ದೊಡ್ಡ ಏಟು ಬಿದ್ದಿತ್ತು. ಒಮ್ಮೆ ಗೋಲಿನ ಕಂಬ ಬಡಿದು, ಇನ್ನೊಮ್ಮೆ ಎದುರಾಳಿಯ ತಲೆಗೆ ತಲೆ ಗುದ್ದಿ. ಎರಡನೇ ಸಲ ಎದ್ದು ನಿಂತು, “ಸ್ಕೋರ್ ಎಷ್ಟು?” ಎಂದು ಕೇಳಿ ಪೂರ್ತಿ ಆಟ ಆಡಿದ್ದ. ಪೇಪರಿನಲ್ಲಿ ಅವನ ಧೈರ್ಯವನ್ನು ಹೊಗಳಿದ್ದರು. ಆ ಪೇಪರನ್ನು ನಾನೇ ಕತ್ತರಿಸಿ ಇಟ್ಟುಕೊಂಡಿದ್ದೆ. ಈ ಎರಡು ಏಟಿನ ಲೆಕ್ಕ ಬಿಟ್ಟರೂ ದಿನಾ ಬೆಳಿಗ್ಗೆ ಅಭ್ಯಾಸದಲ್ಲಿ ಹಣೆಗೆ ಬೀಳುವ ಚೆಂಡುಗಳನ್ನು ಎಣಿಸಿದವರು ಯಾರು?

ಆಮೇಲೊಂದು ಬೆಳಿಗ್ಗೆ ಅವನು ಕಾಲುಚೀಲ ಕೇಳಲು ಬಂದ. ಕೊಟ್ಟೆ. ಹತ್ತು ನಿಮಿಷ ಬಿಟ್ಟು ಮತ್ತೆ ಬಂದ. ಮೂರನೇ ಸಲ ಬಂದಾಗ, “ಕಾಲಲ್ಲೇ ಇದೆಯಲ್ಲೋ,” ಎಂದೆ. ಬಗ್ಗಿ ನೋಡಿಕೊಂಡ. “ತಮಾಷೆ ಮಾಡಿದೆ ಅಕ್ಕ,” ಎಂದು ನಕ್ಕ. ಅವನು ಸುಳ್ಳು ಹೇಳುವಾಗ ಕಿವಿ ಕೆಂಪಾಗುತ್ತದೆ. ಚಿಕ್ಕಂದಿನಿಂದಲೂ ಹಾಗೆಯೇ.

ಅವನ ಹೆಂಡತಿ ಬ್ಯೂಟಿ ಪಾರ್ಲರಿನಲ್ಲಿ ಕೂದಲು ಕತ್ತರಿಸುವ ಕೆಲಸ ಮಾಡುತ್ತಿದ್ದಳು. ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತು ನೋಡಿ ಹೋದೆ. ನಾನು ಟೇಪಿನ ತುಂಡುಗಳನ್ನು ತೋರಿಸುವ ಮೊದಲೇ ಅವಳು ಪೊರಕೆ ಗೋಡೆಗೆ ಒರಗಿಸಿ ಕುರ್ಚಿಯಲ್ಲಿ ಕೂತುಬಿಟ್ಟಳು.

“ಗೊತ್ತು ಅತ್ತಿಗೆ. ಹೋದ ತಿಂಗಳು ನಾವು ಬಿಟ್ಟುಬಂದ ಹಳೇ ಮನೆಗೆ ಹೋಗಿ ಬಾಗಿಲು ತೆಗೆಯೋಕೆ ನೋಡ್ತಿದ್ರಂತೆ. ಆ ಮನೆ ಬಿಟ್ಟು ನಾಲ್ಕು ವರ್ಷ ಆಯ್ತು. ಒಳಗಿರೋರು ಕ್ಲಬ್ಬಿನ ಅಭಿಮಾನಿಗಳು. ಬೀಗ ನಮ್ಮನೆಗೆ ಬಂದ ಅಂತ ಖುಷಿಯಾಗಿ ಫೋಟೋ ತೆಗೆಸ್ಕೊಂಡ್ರು.”

“ಡಾಕ್ಟರಿಗೆ ತೋರಿಸಿದ್ರಾ?”

“ಕರಾರಿಗೆ ಸಹಿ ಆಗಲಿ ಅಂತಾರೆ. ನಾನೂ ಅದನ್ನೇ ಹೇಳ್ತೀನಿ. ಈಗ ಬಾಯಿ ಬಿಟ್ರೆ ಏನು ಸಿಗುತ್ತೆ, ಹೇಳಿ? ಆಟ ಬಿಟ್ರೆ ಅವರಿಗೆ ಬೇರೇನು ಬರುತ್ತೆ? ಮೂರು ವರ್ಷ ಕಳೆದ್ರೆ ಮಗು ಒಂದು ದಡ ಸೇರುತ್ತೆ.” ಅವಳು ನನ್ನ ಕೈ ಹಿಡಿದುಕೊಂಡಳು. ಅವಳ ಬೆರಳುಗಳಲ್ಲಿ ಯಾರದೋ ಕೂದಲಿನ ಚೂರುಗಳಿದ್ದವು. “ನೀವು ಅವರನ್ನ ಸಾಕಿದೋರು. ನೀವೇ ಮುಳುಗಿಸಬೇಡಿ.”

ನಾನು ಕ್ಲಬ್ಬಿನ ಡಾಕ್ಟರ ಹತ್ತಿರ ಹೋಗಿ ಪಕ್ಕದ ಮನೆಯವರ ಕಥೆ ಎನ್ನುವ ಹಾಗೆ ಕೇಳಿದೆ. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. “ಪಕ್ಕದ ಮನೆಯವರಿಗೆ ಹೇಳಿ, ಇನ್ನೊಂದು ಏಟು ಬೀಳಬಾರದು. ಹೋಗಿದ್ದು ವಾಪಸ್ ಬರಲ್ಲ. ಮುಂದೆ ಆಗೋದನ್ನ ತಡೀಬಹುದು,” ಎಂದರು. ಅವರಿಗೆ ಅರ್ಥವಾಗಿತ್ತೋ ಇಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ.

ತಮ್ಮನ ಹತ್ತಿರ ನೇರವಾಗಿಯೇ ಮಾತಾಡಿದೆ. ಅವನು ಬಟ್ಟೆ ಕೋಣೆಯ ಬೆಂಚಿನ ಮೇಲೆ ಕೂತು ಶೂ ದಾರ ಬಿಚ್ಚುತ್ತಿದ್ದ.

“ಮೈದಾನದಲ್ಲಿ ನನಗೆ ಎಲ್ಲಾ ನೆನಪಿರುತ್ತೆ ಅಕ್ಕ,” ಎಂದ. “ಚೆಂಡು ಎಲ್ಲಿ ಬೀಳುತ್ತೆ ಅಂತ ಅದು ಹೊರಡೋಕೆ ಮುಂಚೆ ಗೊತ್ತಿರುತ್ತೆ. ಹೊರಗೆ ಬಂದ್ರೇನೇ ಮಂಜು. ನೀನು ಹೊರಗೇ ಇರು ಅಂತೀಯ.”

“ನಿನ್ನ ಮಗಳು ಮದುವೆಯಾಗೋ ಹೊತ್ತಿಗೆ ಅವಳ ಹೆಸರು ನಿನಗೆ ನೆನಪಿರಲಿ ಅಂತೀನಿ.”

“ಮೂರು ವರ್ಷ. ಆಮೇಲೆ ನೀನು ಹೇಳಿದ ಹಾಗೆ ಕೇಳ್ತೀನಿ. ಅಮ್ಮನಾಣೆ.”

ಅವನು ಆಣೆಯಿಟ್ಟರೆ ಮುರಿಯುವವನಲ್ಲ. ಆದರೆ ಇಟ್ಟದ್ದು ನೆನಪಿರಬೇಕಲ್ಲ? ಅತ್ತ ದರಿ, ಇತ್ತ ಪುಲಿ.

ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಸಮಿತಿಯ ಸಭೆ ಕೂಡಿತು. ಹೊರಗೆ ಗೇಟಿನ ಹತ್ತಿರ ಮುನ್ನೂರು ಜನ ಬಾವುಟ ಹಿಡಿದು ಕೂಗುತ್ತಿದ್ದರು. ನಾನು ಬಾಗಿಲು ತಟ್ಟಿ ಒಳಗೆ ಹೋದಾಗ ಅಧ್ಯಕ್ಷರು, “ಯಾಕಮ್ಮ, ಮತ್ತೆ ಮೆಷಿನ್ ಕೆಟ್ಟೋಯ್ತಾ?” ಎಂದರು.

“ಮೆಷಿನ್ ಅಲ್ಲ ಸಾರ್,” ಎಂದು ಸೆರಗಿನಲ್ಲಿ ಕಟ್ಟಿಕೊಂಡಿದ್ದ ಟೇಪಿನ ತುಂಡುಗಳನ್ನು ಮೇಜಿನ ಮೇಲೆ ಸುರಿದೆ. ಹತ್ತೊಂಬತ್ತು ಇದ್ದವು.

ಟೀಚರ್ ಒಂದೊಂದನ್ನೇ ಎತ್ತಿ ಓದಿ, ಉತ್ತರ ಪತ್ರಿಕೆ ಜೋಡಿಸುವ ಹಾಗೆ ಸಾಲಾಗಿ ಇಟ್ಟರು. ಕೊನೆಯದನ್ನು ಕೋಚಿನ ಕಡೆ ಸರಿಸಿದರು. ಅದರಲ್ಲಿ ‘ಕೋಚು ಬೈದರೆ ಎದುರು ಮಾತಾಡಬೇಡ, ಹೇಳಿದ್ದು ಮರೆತಿರುತ್ತೀಯ’ ಎಂದಿತ್ತು. ಕೋಚು ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತರು. “ನಾನು ಟೇಪು ನೋಡಿದ್ದೆ,” ಎಂದರು. “ಅಷ್ಟು ಶ್ರದ್ಧೆ ಇರೋ ಆಟಗಾರ ಇನ್ನೊಬ್ಬ ಇಲ್ಲ ಅಂತ ಹೊಸಬರಿಗೆ ಬುದ್ಧಿ ಹೇಳ್ತಿದ್ದೆ.”

ಕರಾರು ಆಗುವುದಿಲ್ಲ ಎಂಬುದು ಐದೇ ನಿಮಿಷದಲ್ಲಿ ತೀರ್ಮಾನವಾಯಿತು. ಅಧ್ಯಕ್ಷರು ಕರವಸ್ತ್ರದಿಂದ ಕತ್ತು ಒರೆಸಿಕೊಳ್ಳುತ್ತ, “ಹೊರಗಿರೋರಿಗೆ ಏನು ಹೇಳೋದು?” ಎಂದರು.

“ನಿಜ ಮಾತ್ರ ಹೇಳಬೇಡಿ ಸಾರ್,” ಎಂದೆ ನಾನು. “ಬೀಗನಿಗೆ ತಲೆ ಕೆಟ್ಟಿದೆ ಅಂತ ಊರು ಆಡಿಕೊಳ್ಳೋದು ಬೇಡ. ಅವನು ಮರ್ಯಾದೆಯಿಂದ ಆಟ ಬಿಡಲಿ. ನಿಮ್ಮ ಕಾಲಿಗೆ ಬೀಳ್ತೀನಿ.”

ನಾನು ಮಾಡಿದ ತಪ್ಪು ಅದು. ಹೇಳಿದ್ದಲ್ಲ, ಅರ್ಧ ಹೇಳಿದ್ದು. ಆ ಹೊತ್ತಿನಲ್ಲಿ ಅದು ನನಗೆ ಹೊಳೆಯಲಿಲ್ಲ. ಅಲ್ಲಿದ್ದ ಓದಿದವರಿಗೂ ಹೊಳೆಯಲಿಲ್ಲ.

ಟೀಚರ್ ಪೆನ್ನಿನ ಮುಚ್ಚಳ ಹಾಕಿದರು. “ದುಡ್ಡಿಲ್ಲ ಅನ್ನಿ. ಖಜಾಂಚಿ ಒಪ್ಪಲಿಲ್ಲ ಅನ್ನಿ. ನನ್ನ ಬಗ್ಗೆ ಅದನ್ನ ನಂಬೋಕೆ ಯಾರಿಗೂ ಕಷ್ಟ ಆಗಲ್ಲ.”

ಅಧ್ಯಕ್ಷರು ಮೆಟ್ಟಿಲ ಮೇಲೆ ನಿಂತು ಹಾಗೆಯೇ ಹೇಳಿದರು. ಮೊದಲು ಗದ್ದಲ, ಆಮೇಲೆ ಟೀಚರ ಹೆಸರು ಹಿಡಿದು ಕೂಗು, ಆಮೇಲೆ ಒಂದು ಬಾಟಲಿ ಬಂದು ಗೋಡೆಗೆ ಒಡೆಯಿತು. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಎಳೆದಂತಾಯಿತು. ಮಾರನೇ ದಿನ ಅವರ ಮನೆಯ ಬಾಗಿಲಿಗೆ ಯಾರೋ ಕರಿ ಬಣ್ಣದಲ್ಲಿ ದೊಡ್ಡ ಸೊನ್ನೆ ಬರೆದಿದ್ದರು. ಟೀಚರ್ ಅದನ್ನು ಅಳಿಸಲು ಸೀಮೆಎಣ್ಣೆ ತರಲು ಹೋದರೆ ಅಂಗಡಿಯವನು ಇಲ್ಲ ಎಂದನಂತೆ. ಅವನು ಏಳನೇ ಕ್ಲಾಸಿನಲ್ಲಿ ಅವರ ಶಿಷ್ಯ.

ತಮ್ಮನಿಗೆ ಬೇರೆಯವರ ಬಾಯಿಂದ ಗೊತ್ತಾಗಬಾರದು ಎಂದು ನಾನೇ ಅವನ ಮನೆಗೆ ಹೋದೆ. ಅಡುಗೆಮನೆಯಲ್ಲಿ ಅವನು ಮಗಳಿಗೆ ಬ್ರೆಡ್ಡು ಕತ್ತರಿಸಿ ಕೊಡುತ್ತಿದ್ದ. ಮಗುವನ್ನು ಹೊರಗೆ ಕಳಿಸಿ ಎಲ್ಲಾ ಹೇಳಿದೆ. ಅವನು ಚಾಕುವನ್ನು ನಿಧಾನವಾಗಿ ತೊಳೆದು, ಒರೆಸಿ, ಡ್ರಾಯರಿನಲ್ಲಿಟ್ಟ.

“ನಮ್ಮ ಮನೆ ಕೊಳೇನ ಅವರ ಮೇಜಿನ ಮೇಲೆ ಸುರಿದು ಬಂದ್ಯಾ?” ಎಂದ.

“ನಿನ್ನ ಒಳ್ಳೇದಕ್ಕೋ...”

“ನೀನು ನನ್ನ ಬಟ್ಟೆ ಒಗೆಯೋಳು. ಅಷ್ಟೇ. ಅದರಾಚೆ ನಿನಗೇನು ಹಕ್ಕು?”

ಅವನ ಹೆಂಡತಿ ಬಾಗಿಲ ಹತ್ತಿರ ನಿಂತು ನೆಲ ನೋಡುತ್ತಿದ್ದಳು. ನಾನು ಹೊರಗೆ ಬಂದೆ. ಹಿಂದಿನಿಂದ ಬಾಗಿಲು ಮುಚ್ಚಿದ ಸದ್ದೂ ಜೋರಾಗಿ ಬರಲಿಲ್ಲ. ಜೋರಾಗಿ ಬಂದಿದ್ದರೆ ಚೆನ್ನಾಗಿತ್ತು.

ಹತ್ತು ದಿನ ಕಳೆಯುವಷ್ಟರಲ್ಲಿ ನಗರದ ಕ್ಲಬ್ಬು ಅವನನ್ನು ತೆಗೆದುಕೊಂಡಿತು. ಊರಿನವರು ಕೊಡಲಾರದ್ದಕ್ಕಿಂತ ಹೆಚ್ಚೇ ಕೊಟ್ಟಿತು. ಅಲ್ಲಿನ ಡಾಕ್ಟರುಗಳು ಎರಡು ದಿನ ಪರೀಕ್ಷೆ ಮಾಡಿದರಂತೆ. ಮಂಡಿ ನೋಡಿದರು, ಪಾದ ನೋಡಿದರು, ಹೃದಯ ನೋಡಿದರು, ಓಡಿಸಿ ಉಸಿರು ನೋಡಿದರು. ನಿನ್ನೆ ಏನು ತಿಂದೆ ಎಂದು ಒಬ್ಬರೂ ಕೇಳಲಿಲ್ಲ. ಪೇಪರಿನಲ್ಲಿ ಅವನು ಹೊಸ ಅಂಗಿ ಹಿಡಿದು ನಿಂತ ಫೋಟೋ ಬಂತು. ನಗುತ್ತಿದ್ದ. ಕಿವಿಯ ಬಣ್ಣ ಕಪ್ಪು ಬಿಳುಪಿನಲ್ಲಿ ಗೊತ್ತಾಗಲಿಲ್ಲ.

ಆಗ ನನಗೆ ನಾನು ಮಾಡಿದ್ದೇನೆಂದು ತಿಳಿಯಿತು. ನಮ್ಮಲ್ಲೇ ಇದ್ದಿದ್ದರೆ ವಾರಕ್ಕೊಮ್ಮೆಯಾದರೂ ಅವನ ತೋಳು ತಿರುವಿ ನೋಡುವವರಿದ್ದರು. ಈಗ ಅದೂ ಇಲ್ಲ, ಆಟವೂ ನಿಲ್ಲಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರೆ. ನಾನು ತುತ್ತನ್ನು ನೆಲಕ್ಕೆ ಹಾಕಿ ತುಳಿದಿದ್ದೆ.

ಆ ಕ್ಲಬ್ಬಿಗೆ ಫೋನು ಮಾಡಿದೆ. ಮೊದಲೆರಡು ಸಲ ರಿಂಗಾಗುತ್ತಲೇ ಇಟ್ಟುಬಿಟ್ಟೆ. ಮೂರನೇ ಸಲ ಯಾರೋ ಎತ್ತಿದರು. “ಯಾರು ಬೇಕಿತ್ತು?” ಎಂದರು. ಅಧ್ಯಕ್ಷರು ಎನ್ನಲು ಬಾಯಿ ಬರಲಿಲ್ಲ. “ಬಟ್ಟೆ ಕೋಣೆಗೆ ಕೊಡಿ,” ಎಂದೆ. ಒಬ್ಬ ಹೆಂಗಸು ಬಂದಳು. ಹಿಂದೆ ದೊಡ್ಡ ಮೆಷಿನ್ನುಗಳ ಸದ್ದು.

“ನಾನೂ ಇದೇ ಕೆಲಸದವಳು,” ಎಂದೆ. “ನಿಮ್ಮಲ್ಲಿ ಹೊಸದಾಗಿ ಬಂದಿದಾನಲ್ಲ, ಅವನ ಅಂಗಿ ಎಡ ತೋಳು ಸ್ವಲ್ಪ ತಿರುವಿ ನೋಡ್ತೀರಾ? ಟೇಪು ಇರುತ್ತೆ.”

“ಅಯ್ಯೋ, ಇಲ್ಲಿ ದಿನಕ್ಕೆ ಇನ್ನೂರು ಅಂಗಿ ಬರುತ್ತೆ ಅಕ್ಕ. ಬುಟ್ಟಿಯಿಂದ ಸೀದಾ ಮೆಷಿನ್ನಿಗೆ. ಯಾರು ತಿರುವಿ ನೋಡ್ತಾರೆ? ಟೇಪಿಂದ ಮೆಷಿನ್ನಿಗೇನಾದ್ರೂ ಆಗುತ್ತಾ?”

“ಇಲ್ಲ,” ಎಂದೆ. “ಮೆಷಿನ್ನಿಗೇನೂ ಆಗಲ್ಲ.” ಮತ್ತೆ ನಾನು ಫೋನು ಮಾಡಲಿಲ್ಲ. ಯಾಕೆ ಮಾಡಲಿಲ್ಲ ಎಂದು ನೀವು ಕೇಳಬಹುದು. ಒಂದು ಸಲ ಹೇಳಿ ತಮ್ಮನನ್ನು ಕಳೆದುಕೊಂಡಿದ್ದೆ. ಎರಡನೇ ಸಲಕ್ಕೆ ಧೈರ್ಯ ಸಾಲಲಿಲ್ಲ. ಇದಕ್ಕಿಂತ ದೊಡ್ಡ ಕಾರಣ ನನ್ನ ಹತ್ತಿರ ಇಲ್ಲ.

ಅವನು ಅಲ್ಲಿ ಒಂದೂವರೆ ವರ್ಷ ಆಡಿದ. ಕೊನೆಯ ಆಟವನ್ನು ನಾನು ಬಟ್ಟೆ ಕೋಣೆಯ ಚಿಕ್ಕ ಟೀವಿಯಲ್ಲಿ ನೋಡಿದೆ. ಮಳೆ ಸುರಿಯುತ್ತಿತ್ತು. ಮೊದಲರ್ಧ ಚೆನ್ನಾಗಿಯೇ ಆಡಿದ. ಎರಡು ಸಲ ಹಣೆಯಿಂದ ಚೆಂಡು ಗುದ್ದಿ ಗೋಲು ಉಳಿಸಿದ. ಅರ್ಧ ಸಮಯದಲ್ಲಿ ಎಲ್ಲರೂ ಒದ್ದೆ ಅಂಗಿ ಬದಲಿಸಿ ಬಂದರು. ಕ್ಯಾಮೆರಾ ಅವನ ಹತ್ತಿರ ಹೋದಾಗ ಅವನು ಎಡಗೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದ. ಮಣಿಕಟ್ಟಿನಲ್ಲಿ ಟೇಪು ಇರಲಿಲ್ಲ.

ಶಿಳ್ಳೆ ಬಿತ್ತು. ಅವನು ಓಡಿಹೋಗಿ ಮೊದಲರ್ಧದಲ್ಲಿ ನಿಂತಿದ್ದ ಕಡೆಯೇ ನಿಂತ. ಈಗ ಅದು ಎದುರಾಳಿಗಳ ಗೋಲು. ಎದುರಾಳಿಗಳ ಗೋಲ್‌ಕೀಪರ್ ಅವನ ಹತ್ತಿರ ಬಂದು ಏನೋ ಹೇಳಿದ. ತಮ್ಮ ಅವನನ್ನು ತಳ್ಳಿದ. ಕೈ ಚಾಚಿ, ಇಲ್ಲಿಂದ ಯಾರನ್ನೂ ಬಿಡುವುದಿಲ್ಲ ಎನ್ನುವ ಹಾಗೆ, ಪರರ ಬಾಗಿಲು ಕಾಯುತ್ತ ನಿಂತ. ಸಾವಿರಾರು ಜನ ನಕ್ಕರು. ಟೀವಿಯಲ್ಲಿ ಮಾತಾಡುತ್ತಿದ್ದವರೂ ನಕ್ಕರು, “ಬೀಗ ಯಾಕೋ ತಪ್ಪು ಬಾಗಿಲಿಗೆ ಬಿದ್ದಿದೆ,” ಎಂದರು. ನಗು ಮುಗಿಯುವಷ್ಟರಲ್ಲಿ ಅವನು ಹುಲ್ಲಿನ ಮೇಲೆ ಕೂತುಬಿಟ್ಟಿದ್ದ, ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು.

ಒಂದು ತಿಂಗಳಿಗೆ ಅವನ ಹೆಂಡತಿ ಅವನನ್ನೂ ಮಗುವನ್ನೂ ಕರೆದುಕೊಂಡು ಊರಿಗೆ ಬಂದಳು. ನನ್ನ ಮನೆಯ ಹೊಸ್ತಿಲಲ್ಲಿ ನಿಂತು, “ಅತ್ತಿಗೆ, ನಾನು ಮಧ್ಯಾಹ್ನ ಕೆಲಸಕ್ಕೆ ಹೋಗಬೇಕು. ಇವರ ಜೊತೆ ಯಾರಾದ್ರೂ ಇರಬೇಕು,” ಎಂದಳು. ನಾನು ಬಾಗಿಲು ಪೂರ್ತಿ ತೆಗೆದು ಪಕ್ಕಕ್ಕೆ ಸರಿದೆ.

ಅದಾಗಿ ಈಗ ಒಂಬತ್ತು ವರ್ಷ. ಮೊದಲ ಕೆಲವು ತಿಂಗಳು ಅವನು ನನ್ನ ಮುಖ ನೋಡುತ್ತಿರಲಿಲ್ಲ. ನಾನು ಇಟ್ಟ ತಟ್ಟೆಯನ್ನು ಗೋಡೆಯ ಕಡೆ ತಿರುಗಿ ಕೂತು ಉಣ್ಣುತ್ತಿದ್ದ. ಆಮೇಲೆ ಒಂದು ಮಧ್ಯಾಹ್ನ ಇದ್ದಕ್ಕಿದ್ದಂತೆ ತಿರುಗಿ, “ನಿನ್ನ ಮೇಲೆ ನನಗೆ ತುಂಬಾ ಕೋಪ ಇದೆ ಅಕ್ಕ,” ಎಂದ. “ಯಾಕೆ ಅಂತ ಮಾತ್ರ ಗೊತ್ತಾಗ್ತಿಲ್ಲ. ಏನು ಮಾಡಿದ್ದೆ ನೀನು?”

ಕಾರಣ ಹೋಗಿತ್ತು, ಕೋಪ ಉಳಿದಿತ್ತು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವನು ಕೈಯಲ್ಲಿದ್ದ ಲೋಟ ಎಸೆದ. ಅದು ನನ್ನ ಭುಜಕ್ಕೆ ಬಡಿದು ಉರುಳಿತು. ಮೂರು ದಿನ ಬಿಟ್ಟು ಅದೇ ಪ್ರಶ್ನೆ ಮತ್ತೆ ಕೇಳಿದ.

“ಏನಾದ್ರೂ ಸುಳ್ಳು ಹೇಳಿ ಅತ್ತಿಗೆ,” ಎಂದಳು ಅವನ ಹೆಂಡತಿ. “ಚಿಕ್ಕಂದಿನಲ್ಲಿ ಅವರ ಸೈಕಲ್ ಮುರಿದೆ ಅನ್ನಿ. ಅಷ್ಟಕ್ಕೇ ತೃಪ್ತಿ ಆಗುತ್ತೆ.” ಒಂದು ಸಲ ಹಾಗೇ ಹೇಳಿ ನೋಡಿದೆ. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ, “ಅದಕ್ಕೆ ಇಷ್ಟು ವರ್ಷ ಕೋಪಾನಾ? ನಾನೆಂಥ ಕತ್ತೆ!” ಎಂದ. ಅವನು ನಗುವುದನ್ನು ನೋಡಿ ನನಗೆ ಅಳು ಬಂತು. ಅವನ ಕೋಪವನ್ನೂ ಕದ್ದ ಹಾಗಾಯಿತು. ಆಮೇಲೆ ಸುಳ್ಳು ಹೇಳಲಿಲ್ಲ.

ಇಷ್ಟು ವರ್ಷವೂ ಊರು ಟೀಚರನ್ನು ಕ್ಷಮಿಸಿರಲಿಲ್ಲ. ಅವತ್ತು ದುಡ್ಡು ಕೊಟ್ಟಿದ್ದರೆ ಬೀಗ ಇಲ್ಲೇ ಇರುತ್ತಿದ್ದ, ನಗರಕ್ಕೆ ಹೋಗಿ ಹೀಗೆ ಕೆಡುತ್ತಿರಲಿಲ್ಲ ಎಂದು ಜನ ಈಗಲೂ ಹೇಳುತ್ತಿದ್ದರು. ಅವರು ಖಜಾಂಚಿ ಕೆಲಸ ಬಿಟ್ಟು, ಆಟ ನೋಡಲು ಬರುವುದನ್ನೂ ಬಿಟ್ಟಿದ್ದರು. ಹೋದ ವರ್ಷ ಸದಸ್ಯರ ವಾರ್ಷಿಕ ಸಭೆಯಲ್ಲಿ ನಾನು ಕೈಯೆತ್ತಿದೆ. ಸಾಬೂನಿನ ಖರ್ಚಿನ ಬಗ್ಗೆ ಇರಬೇಕೆಂದು ಮೈಕು ಕೊಟ್ಟರು. ಎಲ್ಲಾ ಹೇಳಿದೆ. ಟೇಪಿನ ವಿಷಯ, ನಾನು ಕಾಲಿಗೆ ಬಿದ್ದದ್ದು, ಟೀಚರ್ ತಮ್ಮ ಹೆಸರು ಕೊಟ್ಟದ್ದು. ಮುದುಕರಾಗಿದ್ದ ಅಧ್ಯಕ್ಷರು ತಲೆಯೆತ್ತದೆ, “ನಿಜ,” ಎಂದರು. ಹಿಂದಿನ ಸಾಲಿನಿಂದ ಯಾರೋ, “ಇಷ್ಟು ದಿನ ಯಾಕೆ ಬಾಯಿಗೆ ಬೀಗ ಹಾಕ್ಕೊಂಡಿದ್ದೆ?” ಎಂದ. ತಮಾಷೆ ಮಾಡಬೇಕೆಂದು ಅಂದದ್ದಲ್ಲ, ಆದರೂ ಯಾರೋ ನಕ್ಕರು, ತಕ್ಷಣ ನಿಲ್ಲಿಸಿದರು.

ಮಾರನೇ ದಿನ ಟೀಚರ ಮನೆಗೆ ಹೋದೆ. ಅವರಿಗೆ ಸುದ್ದಿ ಮುಟ್ಟಿತ್ತು. ಬೆಳಿಗ್ಗೆಯಿಂದ ಮೂರು ಜನ ಬಂದು ಕ್ಷಮೆ ಕೇಳಿಹೋಗಿದ್ದರು.

“ನನ್ನನ್ನ ಒಂದು ಮಾತು ಕೇಳಬಾರದಿತ್ತಾ?” ಎಂದರು. “ಆ ಕೆಟ್ಟ ಹೆಸರು ಹೊತ್ತು ಅಭ್ಯಾಸ ಆಗಿತ್ತು.” ಚಹಾ ಕೊಟ್ಟು ಎದುರಿಗೆ ಕೂತರು. ಆಮೇಲೆ ತಮ್ಮಷ್ಟಕ್ಕೆ ತಾವೇ ಎನ್ನುವಂತೆ ಹೇಳಿದರು: “ಅವತ್ತು ನಾವು ಎರಡೇ ಉತ್ತರ ಬರೆದ್ವಿ. ದುಡ್ಡು ಕೊಟ್ಟು ಆಡಿಸೋದು, ಇಲ್ಲಾ ಕೊಡದೇ ಕಳಿಸೋದು. ದುಡ್ಡು ಕೊಟ್ಟು ಆಡಿಸದೇ ಇರಬಹುದಿತ್ತು. ಗೇಟಿನ ಹತ್ರ ಕುರ್ಚಿ ಹಾಕಿ ಕೂರಿಸಿ, ಇವನು ನಮ್ಮವನು ಅಂತ ಸಂಬಳ ಕೊಡಬಹುದಿತ್ತು. ಛಾವಣಿ ಇನ್ನೂ ಹತ್ತು ವರ್ಷ ಸೋರ್ತಿತ್ತು, ಸೋರಲಿ. ಮೂವತ್ತು ವರ್ಷ ಲೆಕ್ಕ ಹೇಳಿಕೊಟ್ಟೋಳು ನಾನು. ನನಗೇ ಹೊಳೀಲಿಲ್ಲ.”

ನಾನು ಲೋಟ ತೊಳೆದಿಟ್ಟು ಬಂದೆ.

ಹೋದ ವಾರ ಮಧ್ಯಾಹ್ನ ತಮ್ಮನ ಕಾಲುಗುರು ಕತ್ತರಿಸುತ್ತಿದ್ದೆ. ಆಟಗಾರರ ಉಗುರು ಕಲ್ಲಿನ ಹಾಗೆ. ಬಿಸಿನೀರಿನಲ್ಲಿ ನೆನೆಸದಿದ್ದರೆ ಕತ್ತರಿ ಕೂರುವುದಿಲ್ಲ. ಮಗಳು ಕಾಲೇಜಿನಿಂದ ಬಂದು ಅವನ ತಲೆ ಸವರಿ ಒಳಗೆ ಹೋದಳು. ಅವನು ಅವಳ ಬೆನ್ನನ್ನು ನೋಡುತ್ತಿದ್ದು, “ಒಳ್ಳೇ ಹುಡುಗಿ. ಯಾರ ಮಗಳು?” ಎಂದ.

“ನಿನ್ನ ಮಗಳೇ ಕಣೋ.”

“ಹೌದಾ!” ಎಂದು ಬಹಳ ಸಂತೋಷಪಟ್ಟ. ಸ್ವಲ್ಪ ಹೊತ್ತಿಗೆ ಮುಖ ಬಿಗಿಯಿತು. “ನಿನ್ನ ಮೇಲೆ ನನಗೆ ಕೋಪ ಯಾಕೆ?”

ಹೇಳಿದೆ. ಎಷ್ಟನೇ ಸಲವೋ. ಕೇಳುತ್ತ ಕೇಳುತ್ತ ಅವನು ಬೇರೆ ಯಾರದೋ ಕಥೆ ಕೇಳುವವನ ಹಾಗೆ ಹುಬ್ಬು ಗಂಟಿಕ್ಕಿದ.

“ಹಾಗಾದ್ರೆ ಕ್ಲಬ್ಬಿನೋರು ಅವನಿಗೆ ದುಡ್ಡು ಕೊಡಬೇಕಿತ್ತಾ, ಬೇಡವಾ? ನೀನೇನಂತೀಯ?”

“ಕೊಡಬೇಕಿತ್ತು,” ಎಂದೆ. “ಆಡಬೇಡ, ಸುಮ್ಮನೆ ನಮ್ಮ ಜೊತೆ ಇರು ಅಂತ ಕೊಡಬೇಕಿತ್ತು.”

“ಸುಮ್ಮನೆ ಇರೋಕೆ ಯಾರಾದ್ರೂ ದುಡ್ಡು ಕೊಡ್ತಾರಾ, ಹುಚ್ಚಿ,” ಎಂದ. ಅವನ ಧ್ವನಿಯಲ್ಲಿ ನನ್ನ ಮೇಲೆ ಕನಿಕರವಿತ್ತು.

“ಕೋಪ ಹೋಯ್ತಾ?”

“ಇಲ್ಲ,” ಎಂದು ಹೇಳಿ, ಇನ್ನೊಂದು ಕಾಲನ್ನು ನನ್ನ ಮಡಿಲಿಗೆ ಚಾಚಿದ.